ಗೋಡೆಯ ಮೇಲಿನ ಜೇಮ್ಸ್ ಕೌಯಿ

ಪೋರ್ಟ್‌ಲಾಸನ್ನಿಗೆ ಯಾರನ್ನಾದರೂ ಹುಡುಕಿಕೊಂಡು ಬಂದವರ ಪಾಡು ದೇವರಿಗೇ ಪ್ರೀತಿ. ಮರೇ ಕೊಲ್ಲಿಯ ದಂಡೆಯಲ್ಲಿರುವ ಈ ಮೀನುಗಾರರ ಊರಲ್ಲಿ ಇರುವುದೇ ಮೂರು ಮನೆತನದ ಹೆಸರು: ಕೌಯಿ, ಸ್ಲೇಟರ್, ಮೇರ್. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯದಕ್ಕೆ ತಾಯಿಯ ಅಪ್ಪನ ಹೆಸರು, ಹೆಣ್ಣುಮಕ್ಕಳಿಗೆ ಅಜ್ಜಿಯರದು. ಹೀಗೆ ತಲೆಮಾರಿನಿಂದ ತಲೆಮಾರಿಗೆ ಅವೇ ನಾಲ್ಕು ಹೆಸರುಗಳನ್ನು ತಿರುಗಿಸಿ ಮುರುಗಿಸಿ ಇಟ್ಟುಕೊಂಡು ಬಂದದ್ದರಿಂದ ಒಂದೊಂದು ಕಾಲಕ್ಕೆ ಒಂದೇ ಬೀದಿಯಲ್ಲಿ ಮೂವರು ಜೇಮ್ಸ್ ಕೌಯಿಗಳು ಇರುತ್ತಿದ್ದರು. ಅಂಚೆಯವನು ತಲೆ ಚಚ್ಚಿಕೊಳ್ಳುತ್ತಿದ್ದ.

ಅದಕ್ಕೇ ಅಡ್ಡಹೆಸರು. ಒಬ್ಬ ಬೆಕ್ಕು, ಒಬ್ಬ ಉದ್ದಕಾಲು, ಇನ್ನೊಬ್ಬ ಲ್ಯಾಟಿನ್. ಈ ಲ್ಯಾಟಿನ್ ಅನ್ನುವವನು ಒಂದು ದಿನವೂ ಶಾಲೆಯ ಮುಖ ಕಂಡವನಲ್ಲ. ಅಡ್ಡಹೆಸರು ಒಬ್ಬನಿಗೆ ಅಂಟಿತೆಂದರೆ ಅವನ ಮಕ್ಕಳು ಮೊಮ್ಮಕ್ಕಳಿಗೂ ಅಂಟಿದ ಹಾಗೆ. ಆದರೆ ಒಂದು ಕಟ್ಟು ಇದೆ. ಒಳ್ಳೆಯ ಅಡ್ಡಹೆಸರನ್ನು ಎದುರಿಗೇ ಕೂಗಬಹುದು. ಅವಮಾನದಿಂದ ಹುಟ್ಟಿದ್ದನ್ನು ಮಾತ್ರ ಬೆನ್ನ ಹಿಂದೆ ಆಡಬೇಕು, ಆ ಮನೆಯವರ ಕಿವಿಗೆ ಬೀಳಬಾರದು. ಊರಿಗೆಲ್ಲ ಗೊತ್ತಿರುವ ಹೆಸರು ಒಂದು ಮನೆಗೆ ಮಾತ್ರ ಗೊತ್ತಿಲ್ಲದೆ ಮೂರು ತಲೆಮಾರು ಕಳೆದುಬಿಡಬಹುದು. ಎಪ್ಪಿ ಮೇರ್ ವಿಷಯದಲ್ಲಿ ಆದದ್ದು ಇದೇ.

ಎಪ್ಪಿಯ ಪೂರ್ತಿ ಹೆಸರು ಎಲ್ಸ್‌ಪೆಟ್. ಊರ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಈಗ ಊರಲ್ಲಿ ಗಡ್ಡಮೀಸೆ ನರೆತು ಓಡಾಡುವ ಎಷ್ಟೋ ಗಂಡಸರಿಗೆ "ಕ್ಯಾರೆಟ್ ಬಿಟ್ಟರೆ ಪುಡ್ಡಿಂಗ್ ಇಲ್ಲ" ಎಂದು ಗದರಿದವಳು ಅವಳೇ. ಮದುವೆಯಾಗಲಿಲ್ಲ. ಅಮ್ಮ ಸತ್ತ ಮೇಲೆ ಉಳಿದ ರಕ್ತಸಂಬಂಧಿ ಒಬ್ಬಳೇ, ವೃದ್ಧಾಶ್ರಮದಲ್ಲಿದ್ದ ಬೆಲ್ಲಾ ಚಿಕ್ಕಮ್ಮ. ಅವಳು ಕಿವಿ ಕೇಳದಿದ್ದಾಗ ಬಾಯಿ ಜೋರು ಮಾಡುವವಳು, ಕಿವಿ ಕೇಳುವಾಗ ಕೇಳದವಳ ಹಾಗೆ ಕೂರುವವಳು.

ಅಮ್ಮ ಹೋದ ವರ್ಷ ಮನೆ ಭಣಗುಡತೊಡಗಿತು. ಗ್ರಂಥಾಲಯದಲ್ಲಿ ವಯಸ್ಸಾದವರಿಗೆ ಕಂಪ್ಯೂಟರು ಕಲಿಸುತ್ತಾರೆಂದು ಯಾರೋ ಅಂದರು, ಎಪ್ಪಿ ಹೋದಳು. ಕಲಿಸುವ ಹುಡುಗಿ, "ನಿಮಗೆ ಇಷ್ಟವಾದದ್ದರ ಬಗ್ಗೆ ಒಂದು ಬ್ಲಾಗು ಬರೀರಿ ಆಂಟಿ" ಎಂದಳು. "ಬ್ಲಾಗಂದ್ರೆ ಏನೇ ಅದು, ಮೂಗು ಕಟ್ಟಿದವರು ಆಡೋ ಮಾತಿದ್ದ ಹಾಗಿದೆ" ಎಂದು ಎಪ್ಪಿ ನಕ್ಕಳು. ಆದರೆ ಮನೆಗೆ ಬಂದು ಯೋಚಿಸಿದಳು. ಇಷ್ಟವಾದದ್ದು ಯಾವುದು? ಸತ್ತವರು. ತನ್ನವರು ಎಂದು ಹೇಳಿಕೊಳ್ಳಲು ಅವಳಿಗೆ ಉಳಿದಿದ್ದವರು ಅವರೇ.

ಬ್ಲಾಗಿಗೆ "ಮನೆಗೆ ಬಾರದವರು" ಎಂದು ಹೆಸರಿಟ್ಟಳು. ಆ ಮನೆಗೆ ಬಾರದವರಲ್ಲಿ ಮೊದಲನೆಯವನು ಅವಳ ಮುತ್ತಜ್ಜ ಜೇಮ್ಸ್ ಕೌಯಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿನ ಒಂದು ಅಕ್ಟೋಬರಿನಲ್ಲಿ, ಬೆಳಿಗ್ಗೆ ಕನ್ನಡಿಯಂತಿದ್ದ ಸಮುದ್ರ ಮಧ್ಯಾಹ್ನಕ್ಕೆ ಎದ್ದುಬಿಟ್ಟಾಗ, ಬಂದರಿನ ಬಾಯಲ್ಲೇ, ಹೆಂಡತಿ ಮಕ್ಕಳು ನೋಡನೋಡುತ್ತಿರುವಂತೆಯೇ ಮುಳುಗಿದ 'ಜಾನೆಟ್' ಎಂಬ ದೋಣಿಯಲ್ಲಿದ್ದವನು. ಆ ದಿನ ಸತ್ತವರ ಹೆಸರುಗಳನ್ನೆಲ್ಲ ಬಂದರಿನ ಗೋಡೆಯಲ್ಲಿ ಕೆತ್ತಿದ್ದಾರೆ. ಪ್ರತಿ ವರ್ಷ ಅಕ್ಟೋಬರಿನ ಮೊದಲ ಭಾನುವಾರ ಊರು ಅಲ್ಲಿ ಸೇರುತ್ತದೆ, ಒಂದೊಂದು ಹೆಸರನ್ನೂ ಅವರವರ ವಂಶದವರೇ ಗಟ್ಟಿಯಾಗಿ ಓದುತ್ತಾರೆ. ವಂಶದವರಿಲ್ಲದ ಹೆಸರನ್ನು ಚರ್ಚಿನವರು ಯಾರಾದರೂ ಓದಿ ಮುಗಿಸುತ್ತಾರೆ. ಗೋಡೆಯ ಮೇಲೆ ತಮ್ಮವರ ಹೆಸರಿಲ್ಲದ ಜನ ಹಿಂದೆ ಬಲೆ ಒಣಗಿಸುವ ಕಂಬಗಳ ಬಳಿ ನಿಲ್ಲುತ್ತಾರೆ. ಊರಲ್ಲಿ ಯಾರು ಯಾರ ಮುಂದೆ ಎಂಬುದು ಅಲ್ಲಿ ತಿಳಿಯುತ್ತದೆ.

ಎಪ್ಪಿ ಎಂಟು ವರ್ಷದವಳಿದ್ದಾಗ ಶಾಲೆಯ ಮೇಷ್ಟರು, "ಗೋಡೆಯ ಮೇಲೆ ನಿಮ್ಮ ಮನೆಯವರು ಯಾರಿದ್ದಾರೆ ಕೇಳಿಕೊಂಡು ಬನ್ನಿ" ಎಂದಿದ್ದರು. ಮಕ್ಕಳೆಲ್ಲ ಆಗಲೇ ಜಂಬ ಕೊಚ್ಚತೊಡಗಿದ್ದರು. ಎಪ್ಪಿ ಅಳುತ್ತ ಮನೆಗೆ ಓಡಿಬಂದು ಅಜ್ಜಿ ಜೆಸ್ಸಿಯನ್ನು ಕೇಳಿದಳು. ಅಜ್ಜಿ ಆಗ ಒಲೆಯ ಮುಂದೆ ಹೊಗೆಮೀನಿನ ಸಾರು ಕದಡುತ್ತಿದ್ದಳು. ಸೌಟು ನಿಲ್ಲಿಸಿದಳು. ಆಮೇಲೆ ಕೈ ಒರೆಸಿಕೊಂಡು ಮೊಮ್ಮಗಳ ಕೈ ಹಿಡಿದು ಬಂದರಿಗೆ ಕರೆದುಕೊಂಡು ಹೋಗಿ, ಗೋಡೆಯ ಮೇಲಿನ ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇವನು ನಮ್ಮಪ್ಪ" ಎಂದಳು. ಜೇಮ್ಸ್ ಕೌಯಿ. ಹೆಸರು ಸರಿಯಾಗಿಯೇ ಇತ್ತು. ಅಜ್ಜಿಯ ಬೆರಳಿಗೆ ಮೀನಿನ ಪೊರೆ ಅಂಟಿತ್ತು, ಅದು ಆ ಅಕ್ಷರದ ಮೇಲೆ ಮಿಣುಕಿದ್ದು ಎಪ್ಪಿಗೆ ನೆನಪಿತ್ತು.

ಬ್ಲಾಗಿನ ಮೊದಲ ಬರಹ ಇದೇ. ಓದಿದವರು ಕಣ್ಣೊರೆಸಿಕೊಂಡರಂತೆ. ಆಮೇಲೆ ಎಪ್ಪಿಯ ಕೈ ನಿಲ್ಲಲಿಲ್ಲ. ಹೆರಿಂಗ್ ಮೀನಿನ ಹಿಂಡು ದಕ್ಷಿಣಕ್ಕೆ ಹೋದಂತೆ ಊರ ಹುಡುಗಿಯರೆಲ್ಲ ರೈಲಿನಲ್ಲಿ ದೂರದ ಯಾರ್ಮತ್ ಬಂದರಿಗೆ ಹೋಗಿ ಮೀನು ಸೀಳುತ್ತಿದ್ದದ್ದು, ಕತ್ತಿ ತಾಗದಿರಲೆಂದು ಬೆರಳಿಗೆಲ್ಲ ಹಿಟ್ಟಿನ ಚೀಲದ ಬಟ್ಟೆ ಸುತ್ತಿಕೊಳ್ಳುತ್ತಿದ್ದದ್ದು, ಬಿಡುವಿನಲ್ಲಿ ನಡೆಯುತ್ತ ನಡೆಯುತ್ತಲೇ ಸ್ವೆಟರ್ ಹೆಣೆಯುತ್ತಿದ್ದದ್ದು, ಅಜ್ಜಿಯ ಪೆಟ್ಟಿಗೆಯ ತಳದಲ್ಲಿದ್ದ ಯಾರ್ಮತ್ತಿನ ಚೀನೀಮಣ್ಣಿನ ನಾಯಿ. ಅವನ್ನೆಲ್ಲ ಬರೆಯುವಾಗ ಅಡುಗೆಮನೆಯಲ್ಲಿ ಅಜ್ಜಿ ಓಡಾಡುತ್ತಿರುವಂತೆ ಅವಳಿಗೆ ಅನ್ನಿಸುತ್ತಿತ್ತು. ಆ ಸುಖಕ್ಕಾಗಿಯೇ ಬರೆಯುತ್ತಿದ್ದಳು ಎಂದರೂ ತಪ್ಪಿಲ್ಲ.

ವಂಶ ಹುಡುಕುವುದರಲ್ಲಿ ಎಪ್ಪಿ ಮಹಾ ಕಟ್ಟುನಿಟ್ಟು. ಆಧಾರವಿಲ್ಲದೆ ಒಂದು ಸಾಲೂ ಬರೆಯಳು, ಬೇರೆಯವರು ಬರೆದರೆ ಬಿಡಳು. ಆದರೆ ಅಜ್ಜಿಯ ಬೆರಳನ್ನು ಮಾತ್ರ ಅವಳು ಯಾವತ್ತೂ ಪರೀಕ್ಷಿಸಲಿಲ್ಲ. ಊರ ಹಳೆಯ ದಾಖಲೆಯಲ್ಲಿ ಎರಡು ಮನೆಗಳು ಸಿಕ್ಕಿದ್ದವು. ಎರಡರಲ್ಲೂ ಜೇಮ್ಸ್ ಕೌಯಿ, ಇಬ್ಬರ ಹೆಂಡಂದಿರೂ ಮಾರ್ಗರೆಟರೇ, ಎರಡು ಮನೆಯಲ್ಲೂ ಒಂದೊಂದು ಪುಟ್ಟ ಜೆಸ್ಸಿ. ಬಿರುಗಾಳಿಯ ಚಳಿಗಾಲದಲ್ಲಿ ಒಬ್ಬಳು ಜೆಸ್ಸಿ ನಾಯಿಕೆಮ್ಮಿನಿಂದ ಸತ್ತಿದ್ದಳು. ಅದು ಮುಳುಗದೆ ಉಳಿದ ಆ ಇನ್ನೊಬ್ಬ ಜೇಮ್ಸನ ಮಗುವೇ ಇರಬೇಕು ಎಂದು ಎಪ್ಪಿ ಆ ಮನೆಯ ಲೆಕ್ಕಕ್ಕೆ ಬರೆದಳು. ಮುಳುಗಿದವನ ವಿಧವೆ ಉಳಿದ ಮಕ್ಕಳನ್ನು ಕಟ್ಟಿಕೊಂಡು ಕೆನಡಾದ ನೋವಾಸ್ಕೋಷಿಯಾಕ್ಕೆ ಹಡಗು ಹತ್ತಿದಾಗ ಅವಳ ಜೊತೆ ಜೆಸ್ಸಿ ಇರಲಿಲ್ಲ. ಅಂದರೆ ಚಿಕ್ಕ ಮಗುವನ್ನು ಇಲ್ಲೇ ಬಂಧುಗಳ ಬಳಿ ಬಿಟ್ಟು ಹೋದಳು, ಅದೇ ನಮ್ಮಜ್ಜಿ ಎಂದು ಗಂಟು ಹಾಕಿದಳು. ಲೆಕ್ಕ ಸರಿಹೋಯಿತು. ಬೇಕಾದ ಉತ್ತರ ಮೊದಲೇ ಕೈಯಲ್ಲಿದ್ದರೆ ಯಾವ ಲೆಕ್ಕ ತಾನೇ ಸರಿಹೋಗುವುದಿಲ್ಲ?

ಒಂದು ದಿನ ಬ್ಲಾಗಿನ ಕೆಳಗೆ ಒಬ್ಬರು ಬರೆದರು: "ಹಡಗು ಹತ್ತಿದ ಆ ಮಕ್ಕಳಲ್ಲಿ ದೊಡ್ಡವನು ಅಲೆಕ್ಸಾಂಡರ್ ನನ್ನಜ್ಜ. ಹಾಗಾದರೆ ನೀವು ನನಗೆ ಅಕ್ಕನೋ ತಂಗಿಯೋ ಆಗಬೇಕು." ಅವನೇ ವಾಲೇಸ್ ಕೌಯಿ. ಹೆಂಡತಿ ತೀರಿಕೊಂಡ, ಮಕ್ಕಳಿಲ್ಲದ, ದೋಣಿ ಎಂಜಿನ್ ರಿಪೇರಿ ಮಾಡಿ ಬದುಕಿದ ಮನುಷ್ಯ. ಅಲ್ಲಿಂದ ಎಪ್ಪಿಯ ಬಾಳಿನಲ್ಲಿ ಒಂದು ಕಿಟಕಿ ತೆರೆಯಿತು. ವಾರವಾರ ಫೋನು. ಅವನು "ಏನೇ ತಂಗಿ, ನಿನ್ನೂರಲ್ಲಿ ಬಿಸಿಲು ಬಂತಾ, ಅಥವಾ ಇನ್ನೂ ಅರ್ಜಿ ಹಾಕಿಕೊಂಡೇ ಇದ್ದೀರಾ?" ಎನ್ನುವನು. ಇವಳು "ನಿನ್ನ ಸೊಂಟ ನೋಡ್ಕೋ ಮೊದಲು" ಎನ್ನುವಳು. ಅರವತ್ತು ದಾಟಿದ ಮೇಲೆ ಅಣ್ಣನೊಬ್ಬ ಸಿಕ್ಕಿದ್ದು ಅವಳಿಗೆ ದೇವರು ತೀರಿಸಿದ ಬಾಕಿ ಎನ್ನಿಸಿತ್ತು.

ಬ್ಲಾಗಿನ ಇನ್ನೊಂದು ಬರಹದ ವಿಷಯ ಇಲ್ಲಿ ಹೇಳಲೇಬೇಕು. ಹಳೆಯ ಪತ್ರಿಕೆಯೊಂದರಲ್ಲಿ ಅವಳಿಗೆ ಒಂದು ಸುದ್ದಿ ಸಿಕ್ಕಿತ್ತು. 'ಜಾನೆಟ್' ದೋಣಿಯಲ್ಲಿ ಆ ದಿನ ಒಂದಾಳು ಕಡಿಮೆ ಇತ್ತು. ಒಬ್ಬ ನಾವಿಕ ಬೆಳಿಗ್ಗೆ ದೋಣಿಗೆ ಬರುವ ದಾರಿಯಲ್ಲಿ ಪಾದ್ರಿ ಎದುರಾದರೆಂದು ಹೇಳಿ ಮನೆಗೆ ತಿರುಗಿಬಿಟ್ಟಿದ್ದ. ಈ ಕಡೆಯ ಬೆಸ್ತರಿಗೆ ಕರಿಕೋಟಿನ ಪಾದ್ರಿ ಎದುರಾಗುವುದೆಂದರೆ ದೊಡ್ಡ ಅಪಶಕುನ. ದೋಣಿಯಲ್ಲಿ ಹಂದಿಯ ಹೆಸರನ್ನೂ ಎತ್ತುವ ಹಾಗಿಲ್ಲ, ಸಾಲ್ಮನ್ ಮೀನಿನ ಹೆಸರನ್ನೂ ಎತ್ತುವ ಹಾಗಿಲ್ಲ. ಶಕುನ ಕೆಟ್ಟವನು ತಿರುಗಿದರೆ ಯಾರೂ ತಡೆಯರು. ಆದರೆ ಆ ದಿನ ಪಾದ್ರಿಗಳು ಊರಲ್ಲೇ ಇರಲಿಲ್ಲವೆಂದು ಆಮೇಲೆ ತಿಳಿಯಿತಂತೆ. ಇನ್ನೊಬ್ಬ ಹುಟ್ಟು ಹಾಕುವವನಿದ್ದಿದ್ದರೆ ದೋಣಿ ಬಂದರು ಮುಟ್ಟುತ್ತಿತ್ತು ಎಂದೂ ಜನ ಆಡಿಕೊಂಡರಂತೆ. ಪತ್ರಿಕೆ ಆ ಮನುಷ್ಯನ ಹೆಸರು ಹಾಕಿರಲಿಲ್ಲ. ಎಪ್ಪಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ಮುತ್ತಜ್ಜ ಮುಳುಗಿದ್ದು ಈ ಪುಕ್ಕಲನಿಂದ! ಅವಳು ಬರೆದಳು: "ಅವನ ಹೆಸರು ಹಾಕದಿದ್ದದ್ದೇ ಒಳ್ಳೆಯದಾಯಿತು. ಅವನ ಮಕ್ಕಳು ಮೊಮ್ಮಕ್ಕಳು ಎಲ್ಲಿದ್ದರೂ ತಲೆ ತಗ್ಗಿಸಿಕೊಂಡೇ ಇರಲಿ." ಆ ವಾರ ಊರಲ್ಲಿ ಯಾರೂ ಅವಳೊಡನೆ ಬ್ಲಾಗಿನ ಮಾತೆತ್ತಲಿಲ್ಲ. ರೊಟ್ಟಿ ಅಂಗಡಿಯಲ್ಲಿ ಹೆಂಗಸರು ತಮ್ಮ ತಮ್ಮ ಚೀಲದೊಳಗೇ ಏನೋ ಹುಡುಕುತ್ತ ನಿಂತರು. ಬರಹ ಅಷ್ಟು ನಾಟಿದೆ ಎಂದು ಎಪ್ಪಿ ಬೀಗಿದಳು.

ಹೋದ ಕ್ರಿಸ್‌ಮಸ್ಸಿಗೆ ವಾಲೇಸ್ ಒಂದು ಉಡುಗೊರೆ ಕಳಿಸಿದ. ಉಗುಳು ತುಂಬಿ ಕಳಿಸಿದರೆ ರಕ್ತಸಂಬಂಧ ಹೇಳುವ ಪುಟ್ಟ ಡಬ್ಬಿ. ಒಂದು ಅವನಿಗೆ, ಒಂದು ಇವಳಿಗೆ. "ಅಕ್ಟೋಬರಿನಲ್ಲಿ ನಾನೇ ಬರ್ತೀನಿ ಕಣೇ. ನೀನು ಮುತ್ತಜ್ಜನ ಹೆಸರು ಓದೋದನ್ನ ಪಕ್ಕದಲ್ಲಿ ನಿಂತು ಕೇಳಬೇಕು. ಅಷ್ಟರೊಳಗೆ ಇದೂ ಬಂದಿರುತ್ತೆ, ಚೌಕಟ್ಟು ಹಾಕಿಸಿ ತೂಗುಹಾಕೋಣ" ಎಂದ. ಎಪ್ಪಿ ಡಬ್ಬಿಗೆ ಉಗುಳುವಾಗ ಅಜ್ಜಿಯ ಫೋಟೋವನ್ನು ಗೋಡೆಯ ಕಡೆ ತಿರುಗಿಸಿಟ್ಟಳು. ಅಜ್ಜಿಗೆ ಉಗುಳುವವರನ್ನು ಕಂಡರೆ ಆಗುತ್ತಿರಲಿಲ್ಲ.

ಫಲಿತಾಂಶ ಬಂದದ್ದು ವಸಂತದಲ್ಲಿ. ಇಬ್ಬರಿಗೂ ಒಂದೇ ದಿನ ಬಂತು. ವಾಲೇಸ್ ಕೌಯಿ ಮತ್ತು ಎಲ್ಸ್‌ಪೆಟ್ ಮೇರ್ ನಡುವೆ ಯಾವ ರಕ್ತಸಂಬಂಧವೂ ಇಲ್ಲ.

ಎಪ್ಪಿ ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿ ನೋಡಿದಳು. ಡಬ್ಬಿ ಅದಲುಬದಲಾಗಿರಬೇಕು ಎಂದುಕೊಂಡಳು. ವಾರದ ಫೋನಿನ ಹೊತ್ತಿಗೆ ವಾಲೇಸ್ ಫೋನು ಮಾಡಲಿಲ್ಲ. ಮರುವಾರ ಮಾಡಿದ, ಆದರೆ ತಂಗಿ ಎನ್ನಲಿಲ್ಲ.

"ಎಪ್ಪಿ, ನಾನು ಟಿಕೆಟ್ ವಾಪಸ್ ಮಾಡ್ತೀನಿ."

"ಯಾಕೆ? ಹುಚ್ಚಾ ನಿನಗೆ?"

"ನಮ್ಮ ಮನೇಲಿ ಏನೋ ಎಡವಟ್ಟಾಗಿದೆ ಅನ್ಸುತ್ತೆ. ಗಂಡ ವಾರಗಟ್ಟಲೆ ಸಮುದ್ರದ ಮೇಲೆ, ಆಗ ಏನೇನಾಗಿತ್ತೋ ಯಾರಿಗೆ ಗೊತ್ತು. ನಾನು ಜೇಮ್ಸ್‌ನ ಮರಿಮಗ ಅಲ್ಲ ಅಂತ ಕಾಣುತ್ತೆ. ನೀನು ಆ ಊರಲ್ಲೇ ಇದ್ದೀಯ, ನಿಮ್ಮಜ್ಜಿ ನಿನಗೆ ಬೆರಳಿಟ್ಟು ತೋರಿಸಿದ್ದಾಳೆ. ತಪ್ಪು ನನ್ನ ಕಡೇದೇ. ಯಾವನೋ ಬೇವಾರ್ಸಿ ಬಂದು ನಿಮ್ಮ ಗೋಡೆ ಮುಂದೆ ನಿಂತರೆ ಚೆನ್ನಾಗಿರಲ್ಲ."

ಎಪ್ಪಿ, "ಸ್ವಲ್ಪ ತಡಿ. ನಾನು ಚಿಕ್ಕಮ್ಮನ್ನ ಕೇಳ್ತೀನಿ" ಎಂದಳು.

ಬೆಲ್ಲಾ ಚಿಕ್ಕಮ್ಮ ವೃದ್ಧಾಶ್ರಮದ ಕಿಟಕಿಯ ಬಳಿ ಕುಳಿತು ಶಾರ್ಟ್‌ಬ್ರೆಡ್ ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದಳು. ಎಪ್ಪಿ ಹೇಳಿದ್ದನ್ನೆಲ್ಲ ಕೇಳಿದಳು. ಆ ದಿನ ಅವಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

"ಆ ಕೆನಡಾದವನು ಸರಿಯಾಗೇ ಇದ್ದಾನೆ. ಗೋಡೆ ಮೇಲಿರೋನು ಅವನ ಮುತ್ತಜ್ಜ. ನಿನ್ನವನಲ್ಲ."

"ಮತ್ತೆ ಅಜ್ಜಿ ಬೆರಳಿಟ್ಟು..."

"ನಮ್ಮಮ್ಮ ಸುಳ್ಳು ಹೇಳಿದಳು. ನೀನು ಅಳ್ತಾ ನಿಂತಿದ್ದೆ, ಹೆಸರು ಅಲ್ಲೇ ಇತ್ತು, ಎತ್ತಿಕೊಂಡಳು. ನಿಮ್ಮಮ್ಮನಿಗೂ ಗೊತ್ತಿತ್ತು. ನಮ್ಮ ತಾತ ಮುಳುಗಲಿಲ್ಲ ಕಣೇ. ನನಗೆ ಹನ್ನೊಂದು ವರ್ಷ ಆಗೋ ತನಕ ಬದುಕಿದ್ದ. ಹಿತ್ತಲಲ್ಲಿ ಕೂತು ಬಲೆ ತೇಪೆ ಹಾಕ್ತಿದ್ದ, ನನ್ನ ಕೈ ಹಿಡ್ಕೊಂಡು ಶಾಲೆಗೆ ಬಿಡ್ತಿದ್ದ. ಪಾದ್ರಿ ಅಂತ ಅವನ ಅಡ್ಡಹೆಸರು. ನಾವು ಪಾದ್ರಿ ಮನೆಯವರು."

ಎಪ್ಪಿಗೆ ಹಳೆಯದೊಂದು ನೆನಪಾಯಿತು. ಶಾಲೆಯ ದಿನಗಳಲ್ಲಿ ಅವಳು ಹಾದುಹೋದರೆ ಹಿಂದಿನಿಂದ ಹುಡುಗರು "ಆಮೆನ್" ಎಂದು ಕಿಸಕ್ಕನೆ ನಗುತ್ತಿದ್ದರು. ತಾನು ಭಾನುವಾರದ ಪಾಠಕ್ಕೆ ತಪ್ಪದೆ ಹೋಗುತ್ತಿದ್ದದ್ದಕ್ಕೆ ಎಂದುಕೊಂಡಿದ್ದಳು. ಇಷ್ಟು ವರ್ಷ ಹಾಗೆಂದೇ ತಿಳಿದಿದ್ದಳು.

"ತಿರುಗಿ ಹೋದವನು... ನಮ್ಮವನಾ?"

"ನೀನು ಬರೆದಿದ್ದೆಯಲ್ಲ, ತಲೆ ತಗ್ಗಿಸಿಕೊಂಡಿರಲಿ ಅಂತ. ಇಲ್ಲಿನ ನರ್ಸ್ ಹುಡುಗಿ ಅದನ್ನ ನನಗೆ ಓದಿ ಹೇಳಿದಳು. ಆ ದಿನ ನಾನು ಊಟ ಮಾಡಲಿಲ್ಲ."

ಎಪ್ಪಿ ಮುಖ ಮುಚ್ಚಿಕೊಂಡಳು. ಚಿಕ್ಕಮ್ಮ ಟೀ ಕಪ್ಪನ್ನು ಪಕ್ಕಕ್ಕಿಟ್ಟಳು.

"ಅವನಿಗೆ ಯಾವ ಪಾದ್ರಿಯೂ ಎದುರಾಗಲಿಲ್ಲ. ನನಗೆ ಅವನೇ ಹೇಳಿದ್ದು, ಸಾಯೋ ವರ್ಷ. ಹಿಂದಿನ ರಾತ್ರಿಯಿಂದ ಮಗು ಜೆಸ್ಸಿಗೆ ನಾಯಿಕೆಮ್ಮು, ಅಂದ್ರೆ ನಮ್ಮಮ್ಮನಿಗೆ. ಉಸಿರು ಸಿಗದೆ ನೀಲಿಗಟ್ಟೋಳಂತೆ. ಅರ್ಧ ದಾರಿ ಹೋದವನಿಗೆ ಕಾಲು ಮುಂದಕ್ಕೆ ಬರಲಿಲ್ಲ. ಮಗು ಕೆಮ್ಮುತ್ತೆ ಅಂತ ಮನೇಲಿ ಕೂತ್ರೆ ಗಂಡಸರು ಲಂಗ ತೊಡಿಸಿಬಿಡ್ತಿದ್ರು ಆ ಕಾಲದಲ್ಲಿ. ಅದಕ್ಕೆ ಪಾದ್ರಿ ಎದುರಾದರು ಅಂತ ಹೇಳಿ ಕಳಿಸಿದ. ಶಕುನ ಅಂದ್ರೆ ಯಾರೂ ಕೇಳೋ ಹಾಗಿಲ್ಲ ನೋಡು. ಇಡೀ ದಿನ ಮಗುನ ಭುಜದ ಮೇಲೆ ಹಾಕ್ಕೊಂಡು, ಕುದಿಯೋ ಕೆಟಲ್ ಪಕ್ಕದಲ್ಲಿ ಓಡಾಡಿದ. ದೋಣಿ ಮುಳುಗಿದಾಗಲೂ ಅದು ಅವನ ಭುಜದ ಮೇಲೇ ಇತ್ತು."

"ಅದನ್ನ ಊರಿಗೆ ಯಾಕೆ ಹೇಳಲಿಲ್ಲ?"

"ಯಾರಿಗೆ ಹೇಳೋದು? ಗಂಡನ್ನ ಕಳ್ಕೊಂಡ ಹೆಂಗಸರಿಗಾ? ನನ್ನ ಮಗು ಉಳೀತು ಅಂತ? ದೊಡ್ಡವಳಾದ ಮೇಲೆ ನಮ್ಮಮ್ಮನಿಗೆ ಗೊತ್ತಾಯ್ತು, ತನ್ನಿಂದ ದೋಣಿಗೆ ಒಂದಾಳು ಕಡಿಮೆ ಆಯ್ತು ಅಂತ. ಅದನ್ನ ಹೊತ್ತುಕೊಂಡೇ ಬದುಕಿದಳು. ಅವಳು ಅಪ್ಪನ್ನ ಗೋಡೆ ಮೇಲೆ ಹಾಕಿದ್ದು ಅವನ ಮೇಲಿನ ಸಿಟ್ಟಿಗಲ್ಲ ಎಪ್ಪಿ. ನಿನ್ನ ತಲೆ ಮೇಲೆ ಅದು ಬೀಳದೆ ಇರಲಿ ಅಂತ."

ಅಲ್ಲಿಂದ ಬರುವಾಗ ಎಪ್ಪಿಗೆ ದುಃಖಕ್ಕಿಂತ ಸಿಟ್ಟು ಹೆಚ್ಚಿತ್ತು. ಸಿಟ್ಟು ತೀರಿಸಿಕೊಳ್ಳಲು ಎದುರುಮನೆಯ ಡಾಡ್ ಸ್ಲೇಟರ್ ಸಿಕ್ಕಿದ. ಹಿಂದೆ ಬಂದರಿನ ಮೇಲ್ವಿಚಾರಕನಾಗಿದ್ದವನು. 'ಜಾನೆಟ್' ದೋಣಿಯ ಯಜಮಾನ ಅವನ ಮುತ್ತಜ್ಜ, ಆ ಮುತ್ತಜ್ಜನೂ ಅವನ ತಮ್ಮನೂ ಆ ದಿನ ಒಟ್ಟಿಗೆ ಮುಳುಗಿದವರು. ಡಾಡ್ ಬಾಗಿಲಿಗೆ ಬಣ್ಣ ಬಳಿಯುತ್ತಿದ್ದ.

"ನಾವು ಪಾದ್ರಿ ಮನೆಯವರು ಅಂತ ನಿನಗೆ ಗೊತ್ತಿತ್ತಾ?"

ಡಾಡ್ ಬ್ರಷ್ಷನ್ನು ಡಬ್ಬಿಯೊಳಗಿಟ್ಟ. "ಗೊತ್ತಿಲ್ಲದೆ ಏನು."

"ಊರಿಗೆಲ್ಲ?"

"ಊರಿಗೆಲ್ಲ."

"ಮತ್ತೆ ವರ್ಷಾ ವರ್ಷಾ ನಾನು ಗೋಡೆ ಮುಂದೆ ನಿಂತು ಬೇರೆಯವರ ಹೆಸರು ಓದ್ತಿದ್ರೆ ಸುಮ್ಮನೆ ನಿಂತು ನೋಡ್ತಿದ್ರಲ್ಲ! ನಾಚಿಕೆ ಆಗಲಿಲ್ವಾ? ಒಬ್ಬರಾದ್ರೂ ಹೇಳಬಾರದಿತ್ತಾ?"

"ಹೇಳಬೇಕು ಅಂತ ಒಂದೆರಡು ಸಲ ಬಂದೆ. ಆಮೇಲೆ ನೀನು ಯಾರ್ಮತ್ತಿನ ಹುಡುಗೀರ ಬಗ್ಗೆ ಬರೆದೆ. ನಮ್ಮಮ್ಮನೂ ಅದರಲ್ಲಿದ್ದಳು." ಡಾಡ್ ತಲೆ ಕೆರೆದುಕೊಂಡ. "ತುಂಬ ಚೆನ್ನಾಗಿ ಬರೀತಿದ್ದೆ ಕಣೇ. ಹೇಳಿದ್ರೆ ನಿಲ್ಲಿಸಿಬಿಡ್ತೀಯ ಅನ್ನಿಸ್ತು."

ಎಪ್ಪಿ ತನ್ನ ಮನೆಗೆ ಹೋಗಿ ಬಾಗಿಲು ದಡಾರನೆ ಹಾಕಿಕೊಂಡಳು. ಹಸಿ ಬಣ್ಣ ಅವಳ ತೋಳಿಗೆ ಅಂಟಿತ್ತು.

ನಿಜಕ್ಕೂ ನಿಲ್ಲಿಸಿದಳು. ಬೇಸಿಗೆಯೆಲ್ಲ ಬ್ಲಾಗು ಬೆಪ್ಪಾಗಿ ಕುಳಿತಿತ್ತು. ಯಾರೂ ಇಲ್ಲದವಳಿಗೆ ಆ ಜೇಮ್ಸ್ ಒಬ್ಬನಿದ್ದ. ಅವನ ಗಡ್ಡ ಹೇಗಿತ್ತು, ಅವನು ಯಾವ ಕೀರ್ತನೆ ಗುನುಗುತ್ತಿದ್ದ ಎಂದೆಲ್ಲ ಅವಳು ಕಲ್ಪಿಸಿಕೊಂಡಿದ್ದಳು. ಅವನ ಜೊತೆ ಇಷ್ಟು ವರ್ಷ ಒಂದೇ ಮನೆಯಲ್ಲಿ ಬಾಳಿದಷ್ಟು ಸಲಿಗೆ. ಈಗ ಅವನನ್ನು ಬಿಟ್ಟುಕೊಡಬೇಕು, ಬದಲಿಗೆ ಊರೇ ಹೀಗಳೆದ, ತಾನೂ ಹೀಗಳೆದ ಮನುಷ್ಯನನ್ನು ಮನೆಗೆ ಕರೆದುಕೊಳ್ಳಬೇಕು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಊರು ಹೇಗೂ ಹೇಳುವುದಿಲ್ಲ. ಚಿಕ್ಕಮ್ಮ ಇನ್ನೆಷ್ಟು ದಿನ. ವಾಲೇಸ್ ತನ್ನ ಪಾಡಿಗೆ ತಾನು ಬೇವಾರ್ಸಿ ಎಂದುಕೊಂಡು ಅಲ್ಲೇ ಉಳಿಯುತ್ತಾನೆ, ಅಷ್ಟೇ.

ಆ ಅಷ್ಟೇ ಎಂಬುದು ಅವಳಿಗೆ ನುಂಗಲಾಗಲಿಲ್ಲ. ಇಷ್ಟು ವರ್ಷ ಅವನ ಮುತ್ತಜ್ಜನನ್ನು ಇಟ್ಟುಕೊಂಡದ್ದಾಯಿತು. ಇನ್ನು ಅವನು ಹುಟ್ಟಿದ ಮನೆಯ ಮಾನವನ್ನೂ ಕಸಿದುಕೊಳ್ಳುವುದೇ? ವಾಲೇಸ್ ಒಂಟಿಯಾಗಿ ಅಡುಗೆಮನೆಯಲ್ಲಿ ಕುಳಿತು ತನ್ನ ಮುತ್ತಜ್ಜಿಯ ನಡತೆಯನ್ನು ಅನುಮಾನಿಸುತ್ತಿರುವುದನ್ನು ನೆನೆದರೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಒಂದು ಬೆಳಿಗ್ಗೆ ಫೋನೆತ್ತಿ ಎಲ್ಲವನ್ನೂ ಹೇಳಿದಳು. ನಡುವೆ ನಿಲ್ಲಿಸಿದರೆ ಮತ್ತೆ ಶುರುಮಾಡಲಾರೆ ಎಂದು ಉಸಿರು ಬಿಡದೆ ಹೇಳಿದಳು.

"ಹಾಗಾದ್ರೆ ನೀನು ನನಗೆ ಏನೂ ಆಗಬೇಕಿಲ್ಲ" ಎಂದ ವಾಲೇಸ್.

"ಇಲ್ಲ. ಏನೂ ಇಲ್ಲ."

"ಟಿಕೆಟ್ ಹಾಗೇ ಇಟ್ಕೊಂಡಿದ್ದೀನಿ" ಎಂದ. "ಉಳಿಯೋದಕ್ಕೆ ಜಾಗ ಬೇಕಲ್ಲ. ಗುರುತಿಲ್ಲದವರ ಮನೇಲಿ ಇರಿಸ್ಕೋತೀಯಾ?"

ಅವಳು ಅತ್ತಳು. ಆಮೇಲೆ ಮೂಗೊರೆಸಿಕೊಂಡು ಬ್ಲಾಗಿಗೆ ಬರೆಯಲು ಕುಳಿತಳು.

ಆ ಬರಹ ದೊಡ್ಡದಿರಲಿಲ್ಲ. ಗೋಡೆಯ ಮೇಲಿರುವ ಜೇಮ್ಸ್ ತನ್ನವನಲ್ಲ, ಅವನ ನಿಜವಾದ ಮರಿಮಗ ಅಕ್ಟೋಬರಿನಲ್ಲಿ ಬರುತ್ತಿದ್ದಾನೆ ಎಂದು ಬರೆದಳು. ತಾನು ಪಾದ್ರಿ ಮನೆಯವಳು ಎಂದು ಅಡ್ಡಹೆಸರು ಸಮೇತ ಬರೆದಳು. ಆ ಮನುಷ್ಯ ಯಾಕೆ ತಿರುಗಿದ ಎಂಬುದನ್ನು, ಕೆಟಲ್ಲಿನ ಹಬೆಯನ್ನು, ಭುಜದ ಮೇಲಿನ ಮಗುವನ್ನು ಬರೆದಳು. ಹಿಂದೆ ಅವನ ಬಗ್ಗೆ ಬರೆದ ಕೆಟ್ಟ ಮಾತನ್ನು ಅಳಿಸಲಿಲ್ಲ. "ಇದನ್ನು ಬರೆದವಳು ಅವನ ಮರಿಮಗಳು" ಎಂದು ಅದರ ಕೆಳಗೆ ಒಂದು ಸಾಲು ಸೇರಿಸಿದಳು.

ಎರಡು ದಿನ ಅವಳು ಹೊರಗೆ ಕಾಲಿಡಲಿಲ್ಲ. ಮೂರನೆಯ ದಿನ ಬ್ರೆಡ್ಡು ಮುಗಿದುಹೋಗಿತ್ತು, ಬೇರೆ ದಾರಿ ಇರಲಿಲ್ಲ. ಅಂಗಡಿಯಲ್ಲಿ ಸಾಲು ನಿಂತಿತ್ತು. ಅವಳನ್ನು ಕಂಡು ಎಲ್ಲರ ಮಾತೂ ನಿಂತಿತು. ಆಗ ಸಾಲಿನ ಮುಂದಿದ್ದ ಡಾಡ್ ಸ್ಲೇಟರ್ ಹಿಂತಿರುಗಿ, ಇಡೀ ಅಂಗಡಿಗೆ ಕೇಳುವಂತೆ, "ಏ ಪಾದ್ರಿ, ಕೊನೇ ಬಿಸಿ ಬನ್ನು ನಾನು ತಗೋತಿದ್ದೀನಿ, ಅರ್ಧ ಬೇಕಾ?" ಎಂದ. ಯಾರೋ ಉಸಿರೆಳೆದುಕೊಂಡರು. ಎಪ್ಪಿ, "ಅರ್ಧ ಯಾಕೆ, ಪೂರ್ತಿ ಕೊಡು. ನಿನ್ನ ಹೊಟ್ಟೆ ನೋಡ್ಕೊಂಡಿದ್ದೀಯಾ?" ಎಂದಳು. ಅಂಗಡಿಯೆಲ್ಲ ನಕ್ಕಿತು.

ವಾಲೇಸ್ ಬಂದ. ಫೋನಿನ ದನಿಗಿಂತ ಗಿಡ್ಡ ಮನುಷ್ಯ, ಸೊಂಟ ನಿಜಕ್ಕೂ ದಪ್ಪ. ಭಾನುವಾರ ಎಪ್ಪಿ ಅವನನ್ನು ಗೋಡೆಯ ಮುಂದಿನ ಸಾಲಿಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ತಾನು ಹಿಂದೆ ಕಂಬಗಳ ಬಳಿ ಹೋಗಿ ನಿಂತಳು. ಅಲ್ಲಿಂದ ಗೋಡೆ ಸರಿಯಾಗಿ ಕಾಣುತ್ತಿರಲಿಲ್ಲ, ಜನರ ಬೆನ್ನು ಕಾಣುತ್ತಿತ್ತು. ಗಾಳಿ ಜೋರಾಗಿತ್ತು. ಒಂದೊಂದೇ ಹೆಸರು ಬಂತು. ವಾಲೇಸನ ಸರದಿ ಬಂದಾಗ ಅವನು ಟೋಪಿ ತೆಗೆದು, ಪರದೇಶದ ಉಚ್ಚಾರದಲ್ಲಿ, "ಜೇಮ್ಸ್ ಕೌಯಿ" ಎಂದ. ಎಷ್ಟೋ ವರ್ಷ ತಾನು ಓದಿದ ಹೆಸರು. ಎಪ್ಪಿಯ ತುಟಿ ತನ್ನಷ್ಟಕ್ಕೆ ತಾನೇ ಅಲುಗಿತು, ದನಿ ಹೊರಡಲಿಲ್ಲ.

ಮುಗಿದ ಮೇಲೆ ಎಲ್ಲರೂ ಟೀಗೆ ಹೊರಟರು. ವಾಲೇಸ್ ಅವಳನ್ನು ಹುಡುಕಿಕೊಂಡು ಹಿಂದಕ್ಕೆ ಬಂದ.

"ನಿನ್ನವನು ಎಲ್ಲಿದ್ದಾನೆ?"

ಎಪ್ಪಿಗೆ ಅದು ಗೊತ್ತಾಗಿದ್ದೇ ಆ ಬೇಸಿಗೆಯಲ್ಲಿ. ಚರ್ಚಿನ ಅಂಗಳದ ಮೂಲೆಯಲ್ಲಿ, ಗೋರಿಕಲ್ಲಿಲ್ಲದ ಸಾಲಿನಲ್ಲಿ, ಹುಲ್ಲಿನ ಒಂದು ತುಂಡು. ಇಬ್ಬರೂ ಹೋಗಿ ನಿಂತರು. ಓದುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ವಾಲೇಸ್ ಬಹಳ ಹೊತ್ತು ಟೋಪಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದ.

"ನಮ್ಮ ಮುತ್ತಜ್ಜಿ ಮುಳುಗಿದ ಗಂಡನ ಬಗ್ಗೆ ಒಂದೇ ಮಾತು ಹೇಳ್ತಿದ್ದಳಂತೆ. ನಮ್ಮಪ್ಪ ಕೇಳಿಸಿಕೊಂಡಿದ್ದು. 'ಮಗು ಕೆಮ್ಮುತ್ತಿತ್ತು. ಹೋಗಬೇಡ ಅಂದೆ. ಹೋದ.' ಅಷ್ಟೇ. ಮುದಿ ವಯಸ್ಸಲ್ಲಿ ಅದನ್ನೇ ಹೇಳ್ಕೊಂಡು ಕೂರ್ತಿದ್ದಳಂತೆ. ಕೆಮ್ಮುತ್ತಿದ್ದ ಮಗು ನಮ್ಮಜ್ಜ ಅಲೆಕ್ಸಾಂಡರ್ ಅಂದ್ಕೊಂಡಿದ್ವಿ ನಾವೆಲ್ಲ. ಅವನು ಉಳಿದಿದ್ದನಲ್ಲ, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನೀನು ಬರೆದದ್ದು ಓದಿದ ಮೇಲೆ ಗೊತ್ತಾಯ್ತು. ಅದು ಜೆಸ್ಸಿ. ನಮ್ಮ ಜೆಸ್ಸಿ. ಅದೇ ಚಳಿಗಾಲ ಹೋದವಳು."

ಎಪ್ಪಿ ಅವನ ತೋಳು ಹಿಡಿದುಕೊಂಡಳು. ಒಂದೇ ಬೀದಿ, ಒಂದೇ ರೋಗ, ಒಂದೇ ಹೆಸರಿನ ಇಬ್ಬರು ಅಪ್ಪಂದಿರು. ಒಬ್ಬ ಹೋದ, ಒಬ್ಬ ತಿರುಗಿದ. ಅಜ್ಜಿಯ ಕೈಯ ಸಾರು, ಅಜ್ಜಿಯ ಹೆಣಿಗೆ, ಅಜ್ಜಿಯ ಸುಳ್ಳು, ಎಲ್ಲವೂ ಆ ತಿರುಗುವಿಕೆಯಿಂದ ಬಂದದ್ದು ಎಂಬುದು ಅವಳಿಗೆ ಆಗ ಪೂರ್ತಿಯಾಗಿ ತಟ್ಟಿತು.

ವಾಲೇಸ್ ಹುಲ್ಲಿನ ಕಡೆ ನೋಡುತ್ತ, "ಗೋಡೆ ಮೇಲಿರೋನನ್ನ ನೀನು ನನಗೆ ವಾಪಸ್ ಕೊಟ್ಟೆ ಎಪ್ಪಿ, ದೊಡ್ಡ ಉಪಕಾರ" ಎಂದ. "ಆದ್ರೆ ನಮ್ಮ ಮುತ್ತಜ್ಜಿ ಕೇಳಿದ್ದು ಇವನಂಥವನನ್ನ, ಮಗುಗೋಸ್ಕರ ಮನೆಗೆ ತಿರುಗೋನನ್ನ."

ಅವನು ಮಂಡಿಯೂರಿ ಕುಳಿತ. ಸೊಂಟದ ನೋವಿಗೆ ಮುಖ ಕಿವುಚಿಕೊಂಡರೂ ಏಳಲಿಲ್ಲ. ಎಪ್ಪಿ ಅವನ ಪಕ್ಕದಲ್ಲಿ ಕುಳಿತು, ಹುಲ್ಲಿನ ಮೇಲೆ ಕೈಯಿಟ್ಟು, ಜೇಮ್ಸ್ ಕೌಯಿ ಎಂದು ಗಟ್ಟಿಯಾಗಿ ಕರೆದಳು.